ಅಕ್ವೇರಿಯಂನಲ್ಲಿ ಬಸವನಹುಳುವಿನ ಮೊಟ್ಟೆ: ಬಾಟಲಿ ಮದ್ದು, ಬೋನು, ಬ್ಲೇಡು – ಯಾವುದಕ್ಕೆ ಹಣ ಹಾಕಬಹುದು?

ಅಕ್ವೇರಿಯಂನಲ್ಲಿ ಬಸವನಹುಳುಗಳ ಕಾಟ ನಿವಾರಿಸಲೆಂದೇ ಮಾರಾಟವಾಗುವ ವಸ್ತುಗಳು ಸ್ಥೂಲವಾಗಿ ನಾಲ್ಕು ಬಗೆಯವು: ತೊಟ್ಟಿಯ ನೀರಿಗೆ ಬೆರೆಸುವ ದ್ರಾವಣ, ರಾತ್ರಿ ತಳದಲ್ಲಿಟ್ಟು ಬೆಳಿಗ್ಗೆ ಎತ್ತುವ ಪ್ಲಾಸ್ಟಿಕ್ ಬೋನು, ಹೊಸ ಗಿಡಗಳನ್ನು ನೆನೆಸಿಡುವ ಮದ್ದು, ಹಾಗೂ ಇತರ ಬಸವನಹುಳುಗಳನ್ನೇ ತಿಂದು ಬದುಕುವ ಅಸಾಸಿನ್ ಸ್ನೇಲ್. ಇವೆಲ್ಲವನ್ನೂ ನಾನೇ ಬಳಸಿ ನೋಡಿದ್ದೇನೆ. ಈ ಬರಹದಲ್ಲಿ ಅವುಗಳನ್ನು ಅಳೆದಿರುವುದು ಒಂದೇ ಪ್ರಶ್ನೆಯಿಂದ: ಇದು ಮೊಟ್ಟೆಯನ್ನು ಏನು ಮಾಡುತ್ತದೆ? ಈ ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟದ್ದು ನಾಲ್ಕರಲ್ಲಿ ಯಾವುದೂ ಅಲ್ಲ, ಪಾಚಿ ಕೆರೆಯಲೆಂದು ಮಾರುವ ಉದ್ದ ಹಿಡಿಯ ಸ್ಕ್ರೇಪರ್. ಹಿತ್ತಲ ಗಿಡ ಮದ್ದಲ್ಲ ಎನ್ನುವಂತೆ, ಬಹುತೇಕ ಮನೆಗಳಲ್ಲಿ ತೊಟ್ಟಿಯ ಪಕ್ಕದಲ್ಲೇ ಬಿದ್ದಿರುವ ಈ ಸಲಕರಣೆಯನ್ನು ಮೊಟ್ಟೆ ತೆಗೆಯಲು ಬಳಸುವವರು ಕಡಿಮೆ.

ಮೊಟ್ಟೆಯನ್ನೇ ಅಳತೆಗೋಲಾಗಿ ಇಟ್ಟುಕೊಂಡದ್ದಕ್ಕೆ ಕಾರಣ ಸರಳವಾಗಿದೆ. ಕರೆಯದೇ ಬರುವ ಬಸವನಹುಳುಗಳಲ್ಲಿ ಅತಿ ಸಾಮಾನ್ಯವಾದ ಬ್ಲಾಡರ್ ಸ್ನೇಲ್ ದ್ವಿಲಿಂಗಿ. ಜೊತೆ ಸಿಗದಿದ್ದರೆ ತನ್ನಷ್ಟಕ್ಕೆ ತಾನೇ ಗರ್ಭ ಕಟ್ಟಿಕೊಂಡು ಮೊಟ್ಟೆಯಿಡಬಲ್ಲದು. ಬೆಚ್ಚಗಿನ ನೀರಿನಲ್ಲಿ, ಅಂದರೆ 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ, ಆ ಮೊಟ್ಟೆಗಳು ಸುಮಾರು 6ರಿಂದ 10 ದಿನಗಳಲ್ಲಿ ಒಡೆಯುತ್ತವೆ, ಮರಿಗಳು ಒಂದೆರಡು ತಿಂಗಳೊಳಗೆ ತಾವೇ ಮೊಟ್ಟೆಯಿಡುವ ವಯಸ್ಸಿಗೆ ಬರುತ್ತವೆ. ಹೀಗಿರುವಾಗ ಕಣ್ಣಿಗೆ ಕಾಣುವ ದೊಡ್ಡ ಹುಳುಗಳನ್ನೆಲ್ಲ ಒಂದೇ ದಿನ ಕೊಂದರೂ, ಎಲೆಯ ಹಿಂಬದಿಯಲ್ಲಿ ಎರಡು ಗೊಂಚಲು ಉಳಿದಿದ್ದರೆ ಕೆಲವೇ ವಾರಗಳಲ್ಲಿ ತೊಟ್ಟಿ ಮೊದಲಿದ್ದ ಸ್ಥಿತಿಗೇ ಮರಳುತ್ತದೆ. ಅದಕ್ಕಿಂತ ಹೆಚ್ಚಿಗೂ ಹೋಗಬಹುದು, ಏಕೆಂದರೆ ಈಗ ಹೊಸ ಮರಿಗಳ ಪಾಲಿನ ಆಹಾರಕ್ಕೆ ಪೈಪೋಟಿ ನಡೆಸಲು ದೊಡ್ಡವು ಇರುವುದಿಲ್ಲ.

ಯಾವ ಸಾಧನಕ್ಕೂ ಹಣ ಕೊಡುವ ಮೊದಲು ಮೊಟ್ಟೆ ಯಾರದ್ದೆಂದು ಗುರುತಿಸಬೇಕು, ಏಕೆಂದರೆ ಅರ್ಧ ಖರೀದಿಗಳು ವ್ಯರ್ಥವಾಗುವುದು ಇಲ್ಲಿಯೇ. ಕೋಣೆಯ ದೀಪ ಆರಿಸಿ, ಟಾರ್ಚನ್ನು ಗಾಜಿಗೆ ಓರೆಯಾಗಿ ಹಿಡಿದರೆ ಸಾಮಾನ್ಯ ಬೆಳಕಿನಲ್ಲಿ ಕಾಣದ ಲೋಳೆಯ ಅಂಚುಗಳು ಹೊಳೆಯುತ್ತವೆ. ಬ್ಲಾಡರ್ ಸ್ನೇಲ್‌ನ ಮೊಟ್ಟೆಗಳು ತುಸು ಬಾಗಿದ, ನೀರಿನಷ್ಟೇ ಪಾರದರ್ಶಕವಾದ ಲೋಳೆಯ ಚೀಲದಲ್ಲಿ ಒತ್ತೊತ್ತಾಗಿ ಇರುತ್ತವೆ. ರ‍್ಯಾಮ್ಸ್‌ಹಾರ್ನ್‌ ಎಂಬ ಇನ್ನೊಂದು ಬಸವನಹುಳುವಿನದು ಚಪ್ಪಟೆಯಾದ, ಹೆಚ್ಚುಕಡಿಮೆ ದುಂಡನೆಯ, ಕೆಲವೊಮ್ಮೆ ತಿಳಿ ಕಂದು ಛಾಯೆಯ ಬಿಲ್ಲೆ. ಅದನ್ನು ಅಗಲ ಎಲೆಗಳ ಅಡಿಯಲ್ಲಿ ಹುಡುಕಬೇಕು. ಭೂತಗನ್ನಡಿ ಇದ್ದವರು ಇಟ್ಟು ಕೆಲವು ದಿನಗಳಾದ ಗೊಂಚಲನ್ನು ಸ್ವಲ್ಪ ಹೊತ್ತು ನೋಡಲೇಬೇಕು: ಪ್ರತಿ ಮೊಟ್ಟೆಯೊಳಗೂ ಒಂದು ಚುಕ್ಕೆ ನಿಧಾನವಾಗಿ ತನ್ನ ಸುತ್ತಲೇ ತಿರುಗುತ್ತಿರುತ್ತದೆ, ಇನ್ನೂ ಬಲಿತ ಗೊಂಚಲಿನಲ್ಲಿ ಆ ಚುಕ್ಕೆಗೆ ಪುಟ್ಟ ಚಿಪ್ಪು ಮೂಡಿರುವುದೂ ಕಾಣುತ್ತದೆ. ಕೆರೆದು ಹಾಕುವ ಮೊದಲು ನಾನು ಈಗಲೂ ನಿಂತು ನೋಡುತ್ತೇನೆ. ಕೆರೆಯುವುದನ್ನು ಮಾತ್ರ ಬಿಡುವುದಿಲ್ಲ.

ಮರಳಿನಲ್ಲಿ ಹುದುಗಿರುವ, ಉದ್ದನೆಯ ಶಂಕುವಿನಾಕಾರದ ಟ್ರಂಪೆಟ್ ಸ್ನೇಲ್ ಮೊಟ್ಟೆಯನ್ನೇ ಇಡುವುದಿಲ್ಲ. ಅದು ನೇರವಾಗಿ ಮರಿ ಹಾಕುತ್ತದೆ, ಅದಕ್ಕೂ ಗಂಡಿನ ಅಗತ್ಯ ಬೀಳುವುದಿಲ್ಲ. ಆ ಜಾತಿ ಇರುವ ತೊಟ್ಟಿಯಲ್ಲಿ ಮೊಟ್ಟೆಯ ಹೆಸರು ಹೇಳುವ ಯಾವ ವಸ್ತುವಿಗೂ ಕೆಲಸವಿಲ್ಲ.

ಈಗ ಬಾಟಲಿಯ ವಿಚಾರ. ನಾನು ಬಳಸಿದ ದ್ರಾವಣದ ಹೆಸರು ಹೇಳುವುದಿಲ್ಲ. ಈ ವರ್ಗದ ಬಹಳಷ್ಟು ದ್ರಾವಣಗಳಂತೆ ಅದರಲ್ಲಿಯೂ ಕೆಲಸ ಮಾಡುವ ಅಂಶ ತಾಮ್ರದ ಲವಣವೇ ಆದ್ದರಿಂದ ಹೆಸರಿನಿಂದ ಹೆಚ್ಚೇನೂ ವ್ಯತ್ಯಾಸವಾಗದು. ಮುಂಭಾಗದ ಚೀಟಿಯ ಮೇಲೆ ಬಸವನಹುಳುಗಳಿಂದ ಸಂಪೂರ್ಣ ಮುಕ್ತಿ ಎಂಬ ಅರ್ಥದ ಸಾಲು ದಪ್ಪಕ್ಷರಗಳಲ್ಲಿತ್ತು. ಹಿಂಭಾಗದಲ್ಲಿ, ಅಳತೆಯ ಕೋಷ್ಟಕದ ಕೆಳಗೆ, ಕಣ್ಣು ಕಿರಿದು ಮಾಡಿ ಓದಬೇಕಾದ ಗಾತ್ರದಲ್ಲಿ, ಮೊಟ್ಟೆಗಳು ಒಡೆದ ನಂತರ ಮತ್ತೊಮ್ಮೆ ಬಳಸುವುದು ಅಗತ್ಯವಾಗಬಹುದು ಎಂದಿತ್ತು. ಈ ಎರಡನೆಯ ಸಾಲು ಪ್ರಾಮಾಣಿಕವಾದುದು, ಮತ್ತು ಈ ಉತ್ಪನ್ನದ ಬಗ್ಗೆ ತಿಳಿಯಬೇಕಾದ ಮುಖ್ಯ ಸಂಗತಿ ಅದರಲ್ಲೇ ಇದೆ. ತಾಮ್ರ ಬಲಿತ ಬಸವನಹುಳುಗಳನ್ನು ಕೊಲ್ಲುತ್ತದೆ. ಲೋಳೆಯ ಹೊದಿಕೆ ಮತ್ತು ಅದರೊಳಗಿನ ಮೊಟ್ಟೆಯ ಪೊರೆ ಇವೆರಡನ್ನೂ ದಾಟಿ ಭ್ರೂಣವನ್ನು ತಲುಪುವಷ್ಟು ತಾಮ್ರವನ್ನು ಮೀನುಗಳಿರುವ ನೀರಿಗೆ ಹಾಕಲು ಯಾರಿಂದಲೂ ಆಗುವುದಿಲ್ಲ. ನನ್ನ ತೊಟ್ಟಿಯಲ್ಲಿ ಹೇಳಿದ ಪ್ರಮಾಣ ಹಾಕಿದ ಬಳಿಕ ದೊಡ್ಡ ಹುಳುಗಳು ಒಂದೊಂದಾಗಿ ತಳಕ್ಕೆ ಉದುರಿದವು, ಗಾಜಿನ ಮೂಲೆಯಲ್ಲಿ ಗುರುತು ಮಾಡಿ ಬಿಟ್ಟಿದ್ದ ಗೊಂಚಲು ಮಾತ್ರ ತನ್ನ ಪಾಡಿಗೆ ಬಲಿತು ಒಡೆಯಿತು.

ಇಷ್ಟೇ ಆಗಿದ್ದರೆ ಎರಡು ಬಾರಿ ಹಾಕಿದರಾಯಿತು ಎಂದು ಹೇಳಿ ಮುಂದೆ ಹೋಗಬಹುದಿತ್ತು. ಆದರೆ ತಾಮ್ರಕ್ಕೆ ಬಸವನಹುಳುವಿನ ಮೇಲೆ ಮಾತ್ರ ಹಗೆಯಿಲ್ಲ. ಅಲಂಕಾರದ ಸಿಗಡಿಗಳು ಅತ್ಯಲ್ಪ ತಾಮ್ರಕ್ಕೂ ಸಾಯುತ್ತವೆ, ಸಾಕಲೆಂದೇ ತಂದ ನೆರೈಟ್ ಮತ್ತು ಮಿಸ್ಟರಿ ಸ್ನೇಲ್‌ಗಳು ಕಾಟದ ಹುಳುಗಳ ಜೊತೆಗೇ ಹೋಗುತ್ತವೆ, ಲೋಚ್ ಮೀನುಗಳಿಗೂ ಹಾನಿಯಾಗುವ ಸಂಭವ ಹೆಚ್ಚು. ನೀರಿನ ಗಡಸುತನವನ್ನು ಅವಲಂಬಿಸಿ ಅದೇ ಪ್ರಮಾಣ ಒಂದು ತೊಟ್ಟಿಯಲ್ಲಿ ಏನೂ ಮಾಡದೆ, ಇನ್ನೊಂದರಲ್ಲಿ ಮೀನುಗಳನ್ನೇ ಕೊಲ್ಲಬಹುದು: ಗಡಸು ನೀರಿನಲ್ಲಿ ತಾಮ್ರದ ಬಹುಪಾಲು ಕಾರ್ಬೊನೇಟ್ ಜೊತೆ ಸೇರಿ ಕುಂದುತ್ತದೆ, ಮೆದು ನೀರಿನಲ್ಲಿ ಅದರ ವಿಷತ್ವ ಏರುತ್ತದೆ. ಚೀಟಿಯ ಮೇಲಿನ ಕೋಷ್ಟಕ ಲೀಟರುಗಳ ಲೆಕ್ಕ ಮಾತ್ರ ಕೊಡುತ್ತದೆ, ಗಡಸುತನದ ಮಾತೆತ್ತುವುದಿಲ್ಲ. ಇದನ್ನು ನಾನು ಈ ಉತ್ಪನ್ನದ ದೊಡ್ಡ ದೋಷವೆಂದು ಪರಿಗಣಿಸುತ್ತೇನೆ. ಇದರ ಮೇಲೆ, ಮರಳಿಗೂ ಅಲಂಕಾರದ ಕಲ್ಲುಗಳಿಗೂ ಅಂಟಿಕೊಂಡ ತಾಮ್ರ ಮುಂದೆಂದಾದರೂ ನೀರಿಗೆ ಮರಳಬಹುದಾದ್ದರಿಂದ, ಒಮ್ಮೆ ತಾಮ್ರ ಕಂಡ ತೊಟ್ಟಿಗೆ ಸಿಗಡಿ ಬಿಡುವವರು ಫಿಲ್ಟರ್‌ನಲ್ಲಿ ಇದ್ದಿಲು ಇಟ್ಟು, ನೀರನ್ನು ಹಲವು ಸಲ ಬದಲಿಸಿ, ತಾಮ್ರದ ಟೆಸ್ಟ್ ಕಿಟ್‌ನಿಂದ ಪರೀಕ್ಷಿಸಿಯೇ ಮುಂದುವರಿಯಬೇಕು.

ಸತ್ತ ಹುಳುಗಳದ್ದು ಬೇರೆಯೇ ರಗಳೆ. ಒಂದು ರಾತ್ರಿಯಲ್ಲಿ ನೂರಾರು ಹುಳುಗಳು ಮರಳಿನ ಸಂದಿಯಲ್ಲಿ ಸತ್ತು ಕೊಳೆಯತೊಡಗಿದರೆ ಅಮೋನಿಯಾ ಏರುತ್ತದೆ, ನೀರು ಮಬ್ಬಾಗುತ್ತದೆ, ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆಯುತ್ತವೆ. ಮದ್ದಿನಿಂದ ಮೀನು ಸತ್ತಿತು ಎಂಬ ದೂರುಗಳಲ್ಲಿ ಕೆಲವು ವಾಸ್ತವವಾಗಿ ಈ ಕೊಳೆಯುವಿಕೆಯಿಂದಾದವು ಎಂಬುದು ನನ್ನ ಊಹೆ. ಮೊಟ್ಟೆಯನ್ನು ಮುಟ್ಟದ, ಸಾಕಿದ ಜೀವಿಗಳನ್ನು ಮುಟ್ಟುವ, ತೊಳೆದು ತೆಗೆಯಲು ವಾರಗಟ್ಟಲೆ ಹಿಡಿಯುವ ಈ ಬಾಟಲಿಗೆ ನಾನು ಐದರಲ್ಲಿ ಒಂದು ಅಂಕ ಕೊಡುತ್ತೇನೆ. ಆ ಒಂದು ಕೂಡ, ಮೀನು, ಗಿಡ, ಸಿಗಡಿ ಏನೂ ಇಲ್ಲದ ಖಾಲಿ ತೊಟ್ಟಿಯನ್ನು ಹೊಸದಾಗಿ ಸಜ್ಜುಗೊಳಿಸುವವರ ಮಟ್ಟಿಗೆ ಮಾತ್ರ; ಅವರಿಗೂ ಎಲ್ಲವನ್ನೂ ಹೊರತೆಗೆದು ಪೂರ್ತಿ ಒಣಗಿಸುವುದು ಇದಕ್ಕಿಂತ ಅಗ್ಗದ ದಾರಿ.

ಸ್ಕ್ರೇಪರ್‌ಗೆ ಬರೋಣ. ನಾನು ಬಳಸುತ್ತಿರುವುದು ಅಲ್ಯೂಮಿನಿಯಂ ಹಿಡಿಯ, ತುದಿಯಲ್ಲಿ ಓರೆಯಾಗಿ ಕೂರಿಸಿದ ಉಕ್ಕಿನ ಬ್ಲೇಡ್ ಇರುವ, ಬ್ಲೇಡ್ ಕಳಚಿ ಅದೇ ಜಾಗಕ್ಕೆ ಪ್ಲಾಸ್ಟಿಕ್ ಪಟ್ಟಿ ಹಾಕಬಹುದಾದ ಸಾಧಾರಣ ಮಾದರಿ. ಮೊಟ್ಟೆಯ ಲೋಳೆ ಗಾಜಿಗೆ ಅಂಟಿರುವುದು ನಾವು ಎಣಿಸುವುದಕ್ಕಿಂತ ಬಿಗಿಯಾಗಿ. ಸ್ಪಂಜಿನಿಂದ ಉಜ್ಜಿದರೆ ಅದು ಜಾರುತ್ತದೆ, ಹಿಗ್ಗುತ್ತದೆ, ಬಿಡುವುದಿಲ್ಲ. ಕಾಂತದಿಂದ ಗಾಜಿನ ಎರಡೂ ಬದಿ ಹಿಡಿದುಕೊಳ್ಳುವ ಒರಸು ಅದರ ಮೇಲೆ ಹಾದುಹೋದರೆ ಗೊಂಚಲು ಎರಡು ತುಂಡಾಗಿ ಎರಡು ಕಡೆ ಅಂಟಿಕೊಳ್ಳುವುದನ್ನು ಕಂಡಿದ್ದೇನೆ. ಬ್ಲೇಡಿನ ಚೂಪು ಅಂಚು ಮಾತ್ರ ಲೋಳೆಗೂ ಗಾಜಿಗೂ ನಡುವೆ ತೂರಿ ಇಡೀ ಗೊಂಚಲನ್ನು ಒಂದೇ ಹಾಳೆಯಾಗಿ ಎಬ್ಬಿಸುತ್ತದೆ. ಗಾಜಿಗೆ ತೀರ ಓರೆಯಾಗಿ ಹಿಡಿದು, ಕೆಳಗಿನಿಂದ ಮೇಲಕ್ಕೆ, ಅವಸರವಿಲ್ಲದೆ ತಳ್ಳಬೇಕು. ಇನ್ನೊಂದು ಕೈಯಲ್ಲಿ ನೀರು ಬದಲಿಸುವ ಸೈಫನ್ ಕೊಳವೆಯ ಬಾಯಿಯನ್ನು ಬ್ಲೇಡಿನ ಪಕ್ಕದಲ್ಲೇ ಹಿಡಿದಿದ್ದರೆ ಎದ್ದ ಗೊಂಚಲು ತೇಲಿ ಹೋಗುವ ಮೊದಲೇ ಬಕೆಟ್ ಸೇರುತ್ತದೆ. ಈ ಕೊಳವೆಯ ಕೆಲಸವನ್ನು ಕೈಬಿಟ್ಟು ಬರೀ ಕೆರೆದರೆ ಪ್ರಯೋಜನ ಅರ್ಧ ಮಾತ್ರ, ಏಕೆಂದರೆ ಗಾಜಿನಿಂದ ಬಿಡಿಸಿಕೊಂಡ ಮೊಟ್ಟೆ ತಳದಲ್ಲಿ ಬಿದ್ದಿದ್ದರೂ ಒಡೆಯಬಲ್ಲದು. ಮೀನುಗಳು ಲೋಳೆಯನ್ನು ತಿಂದು ಮುಗಿಸುತ್ತವೆ ಎಂದು ಹೇಳುವವರಿದ್ದಾರೆ. ಬ್ಲೇಡು ಸೀಳಿದ ತುಣುಕುಗಳನ್ನು ಅವು ಕಚ್ಚಿ ನೋಡುವುದುಂಟು, ಇಡಿಯಾದ ಗೊಂಚಲನ್ನು ನನ್ನ ಮೀನುಗಳು ಬಾಯಿಗೆ ತೆಗೆದುಕೊಂಡು ಉಗಿದದ್ದೇ ಹೆಚ್ಚು.

ಉಪಕರಣದ ಮಿತಿಗಳನ್ನೂ ಹೇಳಬೇಕು. ಅಕ್ರಿಲಿಕ್ ತೊಟ್ಟಿಗೆ ಉಕ್ಕಿನ ಬ್ಲೇಡ್ ಸಲ್ಲದು, ಅದರ ಮೇಲೆ ಸುಲಭವಾಗಿ ಗೀರು ಬೀಳುತ್ತದೆ; ಅಲ್ಲಿ ಪ್ಲಾಸ್ಟಿಕ್ ಪಟ್ಟಿ ಬಳಸಬೇಕು, ಅಥವಾ ಅವಧಿ ಮುಗಿದ ಬ್ಯಾಂಕ್ ಕಾರ್ಡ್ ಒಂದಿದ್ದರೆ ಅದೇ ಸಾಕು. ಗಾಜಿನ ತೊಟ್ಟಿಯಲ್ಲಿಯೂ ಮರಳಿನ ಮಟ್ಟಕ್ಕೆ ಹತ್ತಿರ ಬ್ಲೇಡ್ ಒಯ್ದಾಗ ಒಂದು ಮರಳ ಕಣ ಅಂಚಿಗೆ ಸಿಕ್ಕಿಕೊಂಡರೆ ಉದ್ದನೆಯ ಗೀರು ಗ್ಯಾರಂಟಿ, ಆದ್ದರಿಂದ ಕೊನೆಯ ಒಂದೆರಡು ಬೆರಳಗಲವನ್ನು ಕಾರ್ಡಿನಿಂದಲೇ ಮುಗಿಸುವುದು ಲೇಸು. ಗಾಜುಗಳು ಕೂಡುವ ಮೂಲೆಗಳಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು: ಅಲ್ಲಿರುವ ಸಿಲಿಕೋನ್ ಪಟ್ಟಿಯನ್ನು ಬ್ಲೇಡ್ ಕತ್ತರಿಸಿದರೆ ತೊಟ್ಟಿ ಸೋರತೊಡಗಬಹುದು. ದುರದೃಷ್ಟವೆಂದರೆ ಬಸವನಹುಳುಗಳಿಗೂ ಆ ಮೂಲೆಗಳೇ ಇಷ್ಟ. ಇನ್ನು ಗಿಡಗಳ ಎಲೆ, ಮರದ ಬೊಡ್ಡೆ, ಫಿಲ್ಟರ್‌ನ ಒಳಭಾಗ ಇವು ಯಾವುವೂ ಸ್ಕ್ರೇಪರ್‌ಗೆ ಎಟಕುವುದಿಲ್ಲ. ಅನುಬಿಯಾಸ್‌ನಂತಹ ಗಟ್ಟಿ ಎಲೆಗಳಿಂದ ಗೊಂಚಲನ್ನು ಹೆಬ್ಬೆರಳಿನ ಉಗುರಿನಿಂದ ಬಿಡಿಸಬಹುದು. ತೆಳು ಎಲೆಯಾದರೆ ಎಲೆಯನ್ನೇ ಕತ್ತರಿಸಿ ತೆಗೆಯುವುದು ಸುಲಭ. ಫಿಲ್ಟರ್‌ನ ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ, ಡಬ್ಬಿಯ ಒಳಗೋಡೆಗಳನ್ನು ಬೆರಳಿನಿಂದ ಸವರಿ ನೋಡಬೇಕು. ಫಿಲ್ಟರ್ ಇದ್ದಕ್ಕಿದ್ದಂತೆ ಕಟಕಟ ಸದ್ದು ಮಾಡತೊಡಗಿದರೆ, ಒಳಗೇ ಹುಟ್ಟಿ ಬೆಳೆದ ಹುಳುವಿನ ಚಿಪ್ಪೊಂದು ತಿರುಗುವ ರೆಕ್ಕೆಗೆ ಸಿಕ್ಕಿರುವ ಸಾಧ್ಯತೆಯನ್ನೇ ಮೊದಲು ಪರಿಶೀಲಿಸುವುದು ಒಳ್ಳೆಯದು.

ವಾರಕ್ಕೊಮ್ಮೆ ನೀರು ಬದಲಿಸುವಾಗ ಈ ಕೆಲಸವನ್ನೂ ಸೇರಿಸಿಕೊಂಡರೆ ಹೆಚ್ಚಿನ ಹೊತ್ತು ಹಿಡಿಯುವುದಿಲ್ಲ. ಮೊಟ್ಟೆ ಒಡೆಯಲು ಬೇಕಾದ ಕನಿಷ್ಠ ಕಾಲ ಒಂದು ವಾರದ ಆಸುಪಾಸು ಎಂಬುದನ್ನು ನೆನಪಿಟ್ಟರೆ ವಾರಕ್ಕೊಮ್ಮೆ ಎಂಬುದರ ಹಿಂದಿನ ಲೆಕ್ಕ ಅರ್ಥವಾಗುತ್ತದೆ. ಹದಿನೈದು ದಿನಕ್ಕೊಮ್ಮೆ ಮಾಡಿದರೆ ಒಡೆದು ಖಾಲಿಯಾದ ಲೋಳೆಯನ್ನು ಕೆರೆಯುತ್ತಿರುತ್ತೇವೆ. ಒಂದು ಗೊಂಚಲೂ ತಪ್ಪದಂತೆ ತೆಗೆಯಲು ಯಾರಿಂದಲೂ ಆಗದು, ಅದರ ಅಗತ್ಯವೂ ಇಲ್ಲ. ಪ್ರತಿ ವಾರವೂ ಹತ್ತರಲ್ಲಿ ಏಳೆಂಟು ಹೋಗುತ್ತಿದ್ದರೆ ಉಳಿದವು ತೊಟ್ಟಿಯ ಲೆಕ್ಕಕ್ಕೆ ಬರುವುದಿಲ್ಲ. ಈ ಸ್ಕ್ರೇಪರ್‌ಗೆ ನಾಲ್ಕೂವರೆ ಅಂಕ.

ಗಿಡಗಳನ್ನು ನೆನೆಸುವ ಮದ್ದುಗಳ ವಿಷಯದಲ್ಲಿ ತೀರ್ಪು ಇಷ್ಟು ಸಲೀಸಲ್ಲ. ಮೊಟ್ಟೆಗಳು ತೊಟ್ಟಿಗೆ ಬರುವುದು ಬಹುಮಟ್ಟಿಗೆ ಹೊಸ ಗಿಡಗಳ ಮೂಲಕವೇ ಆದ್ದರಿಂದ ಅಲ್ಲಿಯೇ ತಡೆಯಬೇಕೆಂಬ ಆಲೋಚನೆ ಸರಿಯಾದುದು. ಪಟಿಕದ ಪುಡಿ ಬೆರೆಸಿದ ನೀರಿನಲ್ಲಿ ಎರಡು ಮೂರು ಗಂಟೆ ನೆನೆಸಿದರೆ ಗಿಡಕ್ಕೆ ಅಷ್ಟಾಗಿ ಹಾನಿಯಾಗುವುದಿಲ್ಲ, ಹುಳುಗಳು ಸಾಯುತ್ತವೆ, ಮೊಟ್ಟೆಗಳ ಬಗ್ಗೆ ಭರವಸೆ ಕೊಡಲಾಗದು. ಪೊಟ್ಯಾಸಿಯಂ ಪರ್ಮಾಂಗನೇಟ್ ದ್ರಾವಣ ಪಾಚಿ ಮತ್ತು ರೋಗಾಣುಗಳಿಗೆ ಒಳ್ಳೆಯದು, ಕೈಗೂ ಬಕೆಟ್ಟಿಗೂ ಕಂದು ಕಲೆ ಹಿಡಿಸುವುದರಲ್ಲಂತೂ ಎತ್ತಿದ ಕೈ, ಆದರೆ ಲೋಳೆಯ ಮುಂದೆ ಅದೂ ಸೋಲುವುದುಂಟು. ಮೊಟ್ಟೆಯನ್ನು ಹೆಚ್ಚು ಖಚಿತವಾಗಿ ನಾಶಮಾಡುವುದು ಬಣ್ಣ, ಪರಿಮಳ ಬೆರೆಸದ ಸಾದಾ ಬ್ಲೀಚ್. ಒಂದು ಪಾಲು ಬ್ಲೀಚ್‌ಗೆ ಇಪ್ಪತ್ತು ಪಾಲು ನೀರು ಬೆರೆಸಿ, ಗಿಡವನ್ನು ಎರಡು ನಿಮಿಷ ಮೀರದಂತೆ ಅದ್ದಿ, ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆದು, ಕೊನೆಗೆ ಕ್ಲೋರಿನ್ ತೆಗೆಯುವ ದ್ರಾವಣವನ್ನು ಧಾರಾಳವಾಗಿ ಬೆರೆಸಿದ ನೀರಿನಲ್ಲಿಡುವುದು ರೂಢಿಯ ಕ್ರಮ. ಅನುಬಿಯಾಸ್, ಜಾವಾ ಫರ್ನ್ ಮುಂತಾದ ದಪ್ಪ ಎಲೆಯವು ಇದನ್ನು ತಾಳಿಕೊಳ್ಳುತ್ತವೆ. ಜಾವಾ ಮಾಸ್, ವ್ಯಾಲಿಸ್ನೇರಿಯಾ, ಕಬೊಂಬಾ ಇವುಗಳಿಗೆ ಅದೇ ಎರಡು ನಿಮಿಷ ಮರಣಶಾಸನವಾಗಬಹುದು. ಬ್ಲೀಚನ್ನು ವಿನೆಗರ್ ಅಥವಾ ಬೇರಾವ ಆಮ್ಲದ ಜೊತೆಗೂ ಬೆರೆಸಬಾರದು, ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ.

ಅಂದರೆ, ಬಸವನಹುಳು ಮುಕ್ತ ಗಿಡಗಳಿಗಾಗಿ ಎಂದು ಪೊಟ್ಟಣ ಕಟ್ಟಿ ಮಾರುವ ಪುಡಿಗಳು ಹುಳುವಿಗೆ ಮದ್ದಾದರೂ ಮೊಟ್ಟೆಗೆ ಮದ್ದಲ್ಲ, ಮೊಟ್ಟೆಗೆ ಮದ್ದಾದದ್ದನ್ನು ಎಲ್ಲ ಗಿಡಗಳೂ ತಾಳುವುದಿಲ್ಲ. ನಾನು ಬಳಸಿದ ಪೊಟ್ಟಣದ ಮೇಲೆ ಅದರಲ್ಲಿರುವುದು ಏನೆಂಬುದೇ ಬರೆದಿರಲಿಲ್ಲ. ಒಳಗೇನಿದೆ ಎಂದು ತಿಳಿಸದ ಪುಡಿಯಲ್ಲಿ ಅದ್ದಿದ ಗಿಡವನ್ನು ಸಿಗಡಿಗಳಿರುವ ತೊಟ್ಟಿಗೆ ಇಳಿಸುವ ಧೈರ್ಯ ನನಗಿಲ್ಲದ್ದರಿಂದ ಅದರ ಪರೀಕ್ಷೆ ಬಕೆಟ್ಟಿನಲ್ಲೇ ಮುಗಿಯಿತು. ಅದಕ್ಕೆ ಎರಡು ಅಂಕ. ಇದಕ್ಕಿಂತ ನೆಚ್ಚಬಹುದಾದ ಎರಡು ದಾರಿಗಳಿವೆ. ಒಂದು, ಹೊಸ ಗಿಡಗಳನ್ನು ಬೆಳಕಿರುವ ಕಡೆ ಪ್ರತ್ಯೇಕ ಬಕೆಟ್ಟಿನಲ್ಲಿ ಮೂರು ನಾಲ್ಕು ವಾರ ಇಡುವುದು: ಇರುವ ಮೊಟ್ಟೆಗಳೆಲ್ಲ ಅಷ್ಟರಲ್ಲಿ ಒಡೆದು ಮರಿಗಳು ಬಕೆಟ್ಟಿನ ಗೋಡೆಗೆ ಬರುತ್ತವೆ, ಅಲ್ಲಿ ಅವನ್ನು ಹೆಕ್ಕಿ ತೆಗೆಯಬಹುದು. ಇನ್ನೊಂದು, ಅಂಗಾಂಶ ಕೃಷಿಯಿಂದ ಬೆಳೆಸಿ, ಮುಚ್ಚಿದ ಬಟ್ಟಲಿನಲ್ಲಿ ಮಾರುವ ಗಿಡಗಳು. ಇವು ಕ್ರಿಮಿರಹಿತ ಮಾಧ್ಯಮದಲ್ಲಿ ಬೆಳೆದವಾದ್ದರಿಂದ ಮೊಟ್ಟೆ ಬರುವ ಪ್ರಶ್ನೆಯೇ ಇಲ್ಲ, ಬೇರಿಗೆ ಅಂಟಿದ ಅಂಟುಮಾಧ್ಯಮವನ್ನು ತೊಳೆದು ನೆಟ್ಟರಾಯಿತು. ಗಿಡಗಳು ಚಿಕ್ಕವಿರುತ್ತವೆ, ತೊಟ್ಟಿಯ ನೀರಿಗೆ ಒಗ್ಗಿಕೊಳ್ಳುವವರೆಗೆ ಕೆಲವು ಎಲೆಗಳು ಕರಗುತ್ತವೆ. ಈ ತೊಂದರೆಯನ್ನು ನಾನು ಸಂತೋಷದಿಂದ ಒಪ್ಪಿಕೊಂಡಿದ್ದೇನೆ.

ಆಗ್ನೇಯ ಏಷ್ಯಾ ಮೂಲದ ಅಸಾಸಿನ್ ಸ್ನೇಲ್, ಹಳದಿ ಮತ್ತು ಕಪ್ಪು ಪಟ್ಟೆಗಳ ಚಿಪ್ಪಿನ, ಉದ್ದನೆಯ ಉಸಿರುಗೊಳವೆ ಚಾಚಿಕೊಂಡು ನಡೆಯುವ ಸುಂದರ ಜೀವಿ. ಮರಳಿನಲ್ಲಿ ಹುದುಗಿ ಕುಳಿತು, ಆಹಾರದ ವಾಸನೆ ಬಂದಾಗ ಎದ್ದು, ರ‍್ಯಾಮ್ಸ್‌ಹಾರ್ನ್ ಒಂದನ್ನು ಹಿಡಿದು ಅದರ ಚಿಪ್ಪಿನೊಳಕ್ಕೆ ಸೊಂಡಿಲು ತೂರಿಸುವುದನ್ನು ನೋಡಿದವರಿಗೆ ಆ ಹೆಸರು ಏಕೆ ಬಂತೆಂದು ಕೇಳುವ ಅಗತ್ಯ ಬೀಳದು. ಹುಳುಗಳ ಸಂಖ್ಯೆಯನ್ನು ತಿಂಗಳುಗಳ ಅವಧಿಯಲ್ಲಿ ತಗ್ಗಿಸುವುದರಲ್ಲಿ ಇದು ನಿಜಕ್ಕೂ ಸಮರ್ಥ. ಆದರೆ ನನ್ನ ತೊಟ್ಟಿಯಲ್ಲಿ ಗಾಜಿನ ಮೇಲ್ಭಾಗದ ಗೊಂಚಲುಗಳ ಬಳಿಗೆ ಇವು ಹೋದದ್ದು ಅಪರೂಪ. ತಳದಲ್ಲಿ ಮರಿ ಸಿಗುತ್ತಿರುವಾಗ ಹತ್ತಿ ಹೋಗಿ ಮೊಟ್ಟೆ ಹುಡುಕುವ ತೊಂದರೆ ಅವಕ್ಕೇಕೆ? ಇವುಗಳಲ್ಲಿ ಗಂಡು ಹೆಣ್ಣು ಬೇರೆ ಬೇರೆಯಾಗಿದ್ದು, ಒಂದೊಂದೇ ಮೊಟ್ಟೆಯನ್ನು ಚಿಕ್ಕ ಚೌಕಾಕಾರದ ಪಾರದರ್ಶಕ ಚೀಲದಲ್ಲಿ ಇಡುತ್ತವೆ. ಅದನ್ನು ಕಂಡು ಹೊಸ ಕಾಟವೆಂದು ಕೆರೆದು ಹಾಕುವವರಿದ್ದಾರೆ, ಆ ಗುರುತು ತಿಳಿದಿರುವುದು ಒಳ್ಳೆಯದು. ನೆರೈಟ್ ಅಥವಾ ಮಿಸ್ಟರಿ ಸ್ನೇಲ್ ಸಾಕಿರುವ ತೊಟ್ಟಿಗೆ ಇವನ್ನು ಬಿಡಬಾರದು. ಮೂರೂವರೆ ಅಂಕ, ಸ್ಕ್ರೇಪರ್‌ನ ಜೊತೆಗಾರನಾಗಿ.

ಇದೇ ಕೆಲಸಕ್ಕೆಂದು ಲೋಚ್ ಮೀನುಗಳನ್ನು ಶಿಫಾರಸು ಮಾಡುವುದನ್ನು ನಾನು ಒಪ್ಪುವುದಿಲ್ಲ. ಕ್ಲೌನ್ ಲೋಚ್ ಬಸವನಹುಳುಗಳನ್ನು ಮೆಚ್ಚಿ ತಿನ್ನುತ್ತದೆ, ನಿಜ. ಆದರೆ ಅದು ಗುಂಪಿನಲ್ಲಿ ಬದುಕುವ, 30 ಸೆಂಟಿಮೀಟರ್‌ವರೆಗೂ ಬೆಳೆಯಬಲ್ಲ, ಹತ್ತಾರು ವರ್ಷ ಬಾಳುವ ಮೀನು. ಕೆಲವು ಗ್ರಾಂ ತೂಗದ ಹುಳುಗಳ ನೆಪದಲ್ಲಿ ಅದನ್ನು ಚಿಕ್ಕ ತೊಟ್ಟಿಗೆ ತರುವುದು ಮೀನಿಗೆ ಮಾಡುವ ಅನ್ಯಾಯ.

ಪ್ಲಾಸ್ಟಿಕ್ ಬೋನಿನ ಬಗ್ಗೆ ಹೇಳಲು ಹೆಚ್ಚಿಲ್ಲ. ಒಳಗೆ ಆಹಾರ ಇಟ್ಟರೆ ಹುಳುಗಳು ಬರುತ್ತವೆ, ಕೆಲವೊಮ್ಮೆ ಬಂದಂತೆಯೇ ಹೊರಗೂ ಹೋಗುತ್ತವೆ. ಒಂದು ತಟ್ಟೆಯಲ್ಲಿ ಬೇಯಿಸಿದ ಸೌತೆಕಾಯಿಯ ಹೋಳನ್ನಿಟ್ಟು ರಾತ್ರಿ ತೊಟ್ಟಿಗೆ ಇಳಿಸಿದರೂ ಬೆಳಿಗ್ಗೆ ಅಷ್ಟೇ ಹುಳುಗಳು ಸಿಗುತ್ತವೆ. ಮೊಟ್ಟೆಯಂತೂ ನಡೆದು ಬೋನಿಗೆ ಬರುವುದಿಲ್ಲ. ಒಂದೂವರೆ ಅಂಕ.

ಎರಡು ಬಗೆಯ ಮೊಟ್ಟೆಗಳು ಈ ಲೆಕ್ಕಾಚಾರದ ಹೊರಗೆ ನಿಲ್ಲುತ್ತವೆ. ಪಾಚಿ ತಿನ್ನಲೆಂದು ಸಾಕುವ ನೆರೈಟ್‌ಗಳು ಗಾಜು, ಕಲ್ಲು, ಮರದ ಮೇಲೆಲ್ಲ ಎಳ್ಳಿನಂತಹ ಗಟ್ಟಿಯಾದ ಬಿಳಿ ಚುಕ್ಕೆಗಳನ್ನು ಅಂಟಿಸುತ್ತವೆ. ಅವುಗಳ ಲಾರ್ವಾ ಬೆಳೆಯಲು ಉಪ್ಪಿನಂಶದ ನೀರು ಬೇಕಾಗಿರುವುದರಿಂದ ಸಿಹಿನೀರಿನ ತೊಟ್ಟಿಯಲ್ಲಿ ಅವು ಎಂದೂ ಮರಿಗಳಾಗಿ ಬೆಳೆಯುವುದಿಲ್ಲ. ಆದ್ದರಿಂದ ಅವುಗಳ ಮೇಲೆ ಯಾವ ಮದ್ದು ಸುರಿದರೂ ಅದು ಕೇವಲ ಅಂದದ ಸಲುವಾಗಿ. ಗಾಜಿನ ಮೇಲಿನವು ಉಕ್ಕಿನ ಬ್ಲೇಡಿಗೆ ಬಗ್ಗುತ್ತವೆ, ಪ್ಲಾಸ್ಟಿಕ್ ಪಟ್ಟಿಗೆ ಜಗ್ಗುವುದಿಲ್ಲ. ಮರದ ಮೇಲಿನವನ್ನು ಬಿಟ್ಟುಬಿಡುವುದೇ ಜಾಣತನ. ಮಿಸ್ಟರಿ ಸ್ನೇಲ್ ಮತ್ತು ಅದರ ಬಂಧುಗಳು ನೀರಿನ ಮಟ್ಟಕ್ಕಿಂತ ಮೇಲೆ, ಹೆಚ್ಚಾಗಿ ಮುಚ್ಚಳದ ಒಳಬದಿಯಲ್ಲಿ, ಒಂದಕ್ಕೊಂದು ಅಂಟಿದ ಮೊಟ್ಟೆಗಳ ದಪ್ಪ ಗೊಂಚಲನ್ನು ಇಡುತ್ತವೆ. ಅದು ಒಡೆಯಲು ಎರಡರಿಂದ ನಾಲ್ಕು ವಾರ ಬೇಕು, ಹೀಗಾಗಿ ಅವಸರವಿಲ್ಲ. ಒಂದು ದಿನ ಗಟ್ಟಿಯಾಗಲು ಬಿಟ್ಟು, ಬೆರಳಿನಿಂದ ಮೆಲ್ಲಗೆ ಪಕ್ಕಕ್ಕೆ ಜರುಗಿಸಿದರೆ ಇಡಿಯಾಗಿ ಕೈಗೆ ಬರುತ್ತದೆ. ಮರಿ ಬೇಡವೆಂದಾದರೆ ಪೊಟ್ಟಣ ಕಟ್ಟಿ ಫ್ರೀಜರಿನಲ್ಲಿ ಒಂದೆರಡು ದಿನವಿಟ್ಟು ಕಸಕ್ಕೆ ಹಾಕಬೇಕು. ಕಡು ಗುಲಾಬಿ ಬಣ್ಣದ ಗೊಂಚಲು ಕಂಡರೆ ಮಾತ್ರ ಕೈಗವಸು ಹಾಕಿಕೊಳ್ಳುವುದು ಕ್ಷೇಮ: ಅದು ಪೊಮೇಸಿಯಾ ಕ್ಯಾನಲಿಕ್ಯುಲೇಟಾ ಎಂಬ ಆಪಲ್ ಸ್ನೇಲ್‌ನದ್ದಾಗಿರಬಹುದು. ಅದರ ಮೊಟ್ಟೆಯಲ್ಲಿ ವಿಷಕಾರಿ ಪ್ರೋಟೀನ್ ಇದೆ, ಮತ್ತು ಜಗತ್ತಿನ ಅತಿ ಹಾನಿಕರ 100 ಆಕ್ರಮಣಕಾರಿ ಜೀವಿಗಳ ಬಗ್ಗೆ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಮಾಡಿದ ಪಟ್ಟಿಯಲ್ಲಿ ಆ ಜಾತಿ ಸೇರಿದೆ. ಯಾವ ಜಾತಿಯದೇ ಆಗಲಿ, ಮೊಟ್ಟೆ ತುಂಬಿದ ಬಕೆಟ್ಟಿನ ನೀರನ್ನು ಕೆರೆಗೋ ಚರಂಡಿಗೋ ಸುರಿಯುವಂತಿಲ್ಲ. ಗೊಂಚಲುಗಳನ್ನು ಸೋಸಿ ತೆಗೆದು ಕುದಿಯುವ ನೀರು ಹಾಕಿದರೆ ಆ ಚಿಂತೆ ಮುಗಿಯುತ್ತದೆ.

ಸ್ಕ್ರೇಪರ್‌ಗೆ ಪೂರ್ತಿ ಐದು ಕೊಡದಿರುವುದಕ್ಕೆ ಕಾರಣ ಎರಡು. ಮೊದಲನೆಯದು ಸಲಕರಣೆಯ ದೋಷವಲ್ಲ: ಮೀನುಗಳು ಎರಡು ಮೂರು ನಿಮಿಷದಲ್ಲಿ ತಿಂದು ಮುಗಿಸುವುದಕ್ಕಿಂತ ಹೆಚ್ಚು ಆಹಾರ ಹಾಕುತ್ತಿರುವ ತೊಟ್ಟಿಯಲ್ಲಿ ತಳಕ್ಕಿಳಿದ ಉಳಿಕೆಯೆಲ್ಲ ಹುಳುಗಳ ಪಾಲಾಗಿ, ಅವು ಇಡುವ ಗೊಂಚಲುಗಳ ವೇಗಕ್ಕೆ ಕೆರೆಯುವ ಕೈ ಸರಿಸಾಟಿಯಾಗದು. ಆಹಾರದ ಅಳತೆಯನ್ನು ತಗ್ಗಿಸಿ, ಕೊಳೆತ ಎಲೆಗಳನ್ನು ತೆಗೆಯತೊಡಗಿದ ನಂತರವೇ ನನ್ನ ತೊಟ್ಟಿಯ ಗಾಜಿನ ಮೇಲೆ ಗೊಂಚಲುಗಳು ವಿರಳವಾದವು. ಎರಡನೆಯದು ಬ್ಲೇಡಿನದ್ದು. ತುಕ್ಕು ಹಿಡಿಯದ ಉಕ್ಕು ಎಂದು ಬರೆದಿದ್ದರೂ ಒದ್ದೆಯಾಗಿಯೇ ಬಿಟ್ಟರೆ ತಿರುಪಿನ ಸುತ್ತ ಕಂದು ಬಣ್ಣ ಕಾಣಿಸಿಕೊಳ್ಳುತ್ತದೆ, ಅಂಚು ಮೊಂಡಾದ ಮೇಲೆ ಅದು ಲೋಳೆಯನ್ನು ಎಬ್ಬಿಸುವ ಬದಲು ಸ್ಪಂಜಿನಂತೆಯೇ ಸವರತೊಡಗುತ್ತದೆ. ಪ್ರತಿ ಬಾರಿಯೂ ತಿರುಪು ಸಡಿಲಿಸಿ, ಬ್ಲೇಡನ್ನು ಒರೆಸಿ ಒಣಗಿಸಿಡಬೇಕು. ಈ ತಯಾರಕರು ಬಿಡಿ ಬ್ಲೇಡ್‌ಗಳನ್ನು ಹಿಡಿಯ ಜೊತೆಗೆ ಕೊಡುವುದಿಲ್ಲ. ಕೊಳ್ಳುವವರು ಹಿಡಿಯ ಉದ್ದವನ್ನು ತೊಟ್ಟಿಯ ಆಳಕ್ಕಿಂತ ಒಂದು ಗೇಣು ಹೆಚ್ಚಿರುವಂತೆ ಆರಿಸಿಕೊಂಡು, ಬಿಡಿ ಬ್ಲೇಡ್‌ಗಳ ಪೊಟ್ಟಣವೊಂದನ್ನು ಅದೇ ದಿನ ತೆಗೆದುಕೊಳ್ಳುವುದು ಒಳಿತು.